ಕ್ರಾನ್ ಕಳಿಸಿದ ಮೇಲ್ ವಾಪಸ್ ಬರುತ್ತಿದೆಯಾ? ಮೊದಲು ಅದನ್ನು ಪೂರ್ತಿ ಓದಿ

ಈ ಸಲದ ಅಂಕಣ ಪೂರ್ತಿ ಒಂದೇ ವಿಷಯಕ್ಕೆ. ಸರ್ವರಿನಲ್ಲಿ ರಾತ್ರಿ ಹೊತ್ತು ಬ್ಯಾಕಪ್ ತೆಗೆಯುವುದು, ರಿಪೋರ್ಟ್ ಮಾಡುವುದು, ಹಳೇ ಫೈಲು ಅಳಿಸುವುದು, ಇಂಥ ಕೆಲಸಗಳನ್ನು ಹೇಳಿದ ಹೊತ್ತಿಗೆ ಓಡಿಸುವುದು ಕ್ರಾನ್. ಅದು ಕಳಿಸುವ ಮೇಲ್ ಬೌನ್ಸ್ ಆಗುತ್ತಿದೆ, ಅಂದರೆ ತಲುಪದೆ ವಾಪಸ್ ಬರುತ್ತಿದೆ ಎಂದು ಹಲವರು ಬರೆದಿದ್ದೀರಿ. ಒಬ್ಬೊಬ್ಬರ ಕಾರಣವೂ ಬೇರೆ. ಆದರೆ ಬಹಳ ಮಂದಿ ಬೌನ್ಸ್ ಮೇಲಿನ ಮೊದಲ ಎರಡು ಸಾಲು ಮಾತ್ರ ನಕಲು ಮಾಡಿ ಕಳಿಸಿದ್ದೀರಿ. ಅಸಲಿ ಕಾರಣ ಅಲ್ಲಿರುವುದಿಲ್ಲ. ಕೆಳಗೆ ಒಂದು ಮೂರಂಕಿಯ ಕೋಡ್, ಅದರ ಪಕ್ಕ ಚುಕ್ಕೆ ಇಟ್ಟ ಇನ್ನೊಂದು ಕೋಡ್, ಆಮೇಲೆ ಒಂದು ವಾಕ್ಯ ಇರುತ್ತದೆ. 550 5.1.1 ಅನ್ನುವ ಥರ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಳಿಸಿದರೆ ಯಾರೂ ಏನೂ ಹೇಳಲಾಗದು. 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ, ಸರ್ವರ್ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಶುರುವಾದರೆ ಖಡಾಖಂಡಿತವಾಗಿ ಇಲ್ಲ ಎಂದರ್ಥ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬಿಡಿಭಾಗ ಮಾರುವ ಸಣ್ಣ ಸಂಸ್ಥೆ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ಉಬುಂಟು ಸರ್ವರಿನಲ್ಲಿದೆ, ಮೇಲ್ ಕಳಿಸಲು ಪೋಸ್ಟ್‌ಫಿಕ್ಸ್ ಅನ್ನುವ ಪ್ರೋಗ್ರಾಂ ಇದೆ. ದಿನಾ ರಾತ್ರಿ ಬ್ಯಾಕಪ್ ಆದಮೇಲೆ ನಮ್ಮ ಅಕೌಂಟ್ಸ್ ವಿಳಾಸಕ್ಕೆ ಮೇಲ್ ಬರುತ್ತಿತ್ತು. ಕಚೇರಿಯ ಮೇಲ್ ಎಲ್ಲ ಗೂಗಲ್ ವರ್ಕ್‌ಸ್ಪೇಸಿಗೆ ಹಾಕಿಸಿದ ಮೇಲೆ ನಿಂತುಹೋಯಿತು. ಸರ್ವರಿಗೆ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ, ಲಾಗಿನ್ ಆದರೆ 'ಯೂ ಹ್ಯಾವ್ ಮೇಲ್' ಅಂತ ತೋರಿಸುತ್ತದೆ, ತೆರೆದರೆ ಎಲ್ಲ ಬೌನ್ಸ್. 5.1.1, 'ಅನ್‌ನೋನ್ ಯೂಸರ್: ಅಕೌಂಟ್ಸ್' ಎಂದಿದೆ. ಆದರೆ ಅದೇ ವಿಳಾಸಕ್ಕೆ ನನ್ನ ಫೋನಿನಿಂದ ಕಳಿಸಿದರೆ ಆರಾಮಾಗಿ ಹೋಗುತ್ತದೆ. ಆಡಿಟರ್ ವಿಳಾಸ ಹಾಕಿ ನೋಡಿದೆ, ಅವರಿಗೂ ಹೋಯಿತು. ನಮ್ಮ ವಿಳಾಸಕ್ಕೆ ಮಾತ್ರ ಯಾಕೆ ಹೀಗೆ?
— ಹುಬ್ಬಳ್ಳಿಯ ಓದುಗರು

ಉತ್ತರ: ನೀವು ಪೂರ್ತಿ ವಿವರ ಕೊಟ್ಟಿದ್ದೀರಿ, ಹಾಗಾಗಿ ಉತ್ತರ ಸುಲಭ. ನಿಮ್ಮ ಮೇಲ್ ಸರ್ವರ್ ಬಿಟ್ಟು ಆಚೆ ಹೋಗೇ ಇಲ್ಲ. ಗೂಗಲ್ ಅದನ್ನು ನೋಡಿಯೂ ಇಲ್ಲ.

ಲಾಗ್ ನೋಡಿದರೆ ಗೊತ್ತಾಗುತ್ತದೆ. ಉಬುಂಟುವಿನಲ್ಲಿ ಅದು ವಾರ್ ಫೋಲ್ಡರಿನ ಒಳಗೆ ಲಾಗ್ ಫೋಲ್ಡರಿನಲ್ಲಿ ಮೇಲ್ ಡಾಟ್ ಲಾಗ್ ಅನ್ನುವ ಫೈಲು. ರೆಡ್‌ಹ್ಯಾಟ್ ಬಳಗದ ಸರ್ವರ್ ಆದರೆ ಹೆಸರು ಮೇಲ್‌ಲಾಗ್. ನಿಮ್ಮ ಅಕೌಂಟ್ಸ್ ವಿಳಾಸ ಇರುವ ಸಾಲು ಹುಡುಕಿ. ಅದರಲ್ಲಿ 'ರಿಲೇ=ಲೋಕಲ್' ಎಂದಿರುತ್ತದೆ. ಅಂದರೆ ಪೋಸ್ಟ್‌ಫಿಕ್ಸ್ ಈ ವಿಳಾಸ ಇದೇ ಮಷೀನಿನದು ಅಂದುಕೊಂಡು, ಒಳಗೇ ಅಕೌಂಟ್ಸ್ ಅನ್ನುವ ಯೂಸರನ್ನು ಹುಡುಕಿ, ಸಿಗದೆ ಬೌನ್ಸ್ ಮಾಡಿದೆ. ಮೊದಲು ಮೇಲ್‌ಬಾಕ್ಸ್‌ಗಳು ಇದೇ ಸರ್ವರಿನಲ್ಲಿ ಇದ್ದವು ಅನಿಸುತ್ತದೆ. ಆಗ ಅದು ಸರಿ ಇತ್ತು. ಮೇಲ್ ಗೂಗಲ್‌ಗೆ ಹೋದಾಗ ಇಂಟರ್ನೆಟ್ ಹೆಸರುಗಳ ವಿಳಾಸ ಪುಸ್ತಕವಾದ ಡಿಎನ್‌ಎಸ್‌ನಲ್ಲಿ, ನಿಮ್ಮ ಡೊಮೈನಿನ (ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಮೇಲ್ ಯಾವ ಸರ್ವರಿಗೆ ಹೋಗಬೇಕು ಎಂದು ಹೇಳುವ ಎಂಎಕ್ಸ್ ರೆಕಾರ್ಡ್ ಬದಲಾಯಿಸಿದರು, ಸರ್ವರಿಗೆ ಮಾತ್ರ ಯಾರೂ ಹೇಳಲಿಲ್ಲ. ಪೋಸ್ಟ್‌ಫಿಕ್ಸ್ ತನ್ನದು ಎಂದು ನಂಬಿದ ಡೊಮೈನ್‌ಗೆ ಎಂಎಕ್ಸ್ ನೋಡುವುದೇ ಇಲ್ಲ.

ಸೆಟ್ಟಿಂಗ್ ಇರುವುದು ಮೇನ್ ಡಾಟ್ ಸಿಎಫ್ ಫೈಲಿನ 'ಮೈಡೆಸ್ಟಿನೇಷನ್' ಸಾಲಿನಲ್ಲಿ. ಅಲ್ಲಿಂದ ನಿಮ್ಮ ಡೊಮೈನ್ ತೆಗೆಯಿರಿ. ಸರ್ವರಿನ ಪೂರ್ತಿ ಹೆಸರು ಮತ್ತು ಲೋಕಲ್‌ಹೋಸ್ಟ್ ಎರಡೇ ಇರಲಿ. ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ. ಮುಂದಿನ ಮೇಲಿಗೆ ಲಾಗ್ ಸಾಲಿನಲ್ಲಿ ಲೋಕಲ್ ಬದಲು ಗೂಗಲ್ ಸರ್ವರಿನ ಹೆಸರು ಬರಬೇಕು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಈ ರಿಪೇರಿಯ ಬೆನ್ನಿಗೇ ಇನ್ನೊಂದು ತೊಂದರೆ ಬರುತ್ತದೆ, ಬಹಳ ಮಂದಿ ಅಲ್ಲೇ ಸಿಕ್ಕಿಬೀಳುತ್ತಾರೆ. ಕ್ರಾನ್ ಮೇಲ್ ಕಳಿಸುವುದು ರೂಟ್ ಹೆಸರಿನಲ್ಲಿ. ಡೊಮೈನ್ ಇಲ್ಲದ ಸುಮ್ನೆ 'ರೂಟ್' ಅನ್ನುವ ಹೆಸರಿಗೆ ಪೋಸ್ಟ್‌ಫಿಕ್ಸ್ 'ಮೈಒರಿಜಿನ್' ಸೆಟ್ಟಿಂಗ್‌ನಲ್ಲಿ ಇರುವುದನ್ನು ಅಂಟಿಸುತ್ತದೆ, ಉಬುಂಟುವಿನಲ್ಲಿ ಅದು ಸಾಮಾನ್ಯವಾಗಿ ಈಟಿಸಿ ಫೋಲ್ಡರಿನ ಮೇಲ್‌ನೇಮ್ ಫೈಲಿನಿಂದ ಬರುತ್ತದೆ. ನಿಮ್ಮಲ್ಲಿ ಅದು ಕಂಪನಿಯ ಡೊಮೈನೇ ಆಗಿದ್ದರೆ, ಇನ್ನು ಮೇಲೆ ರೂಟ್‌ಗೆ ಹೋಗುವ ಪ್ರತಿ ಮೇಲೂ ಗೂಗಲ್‌ಗೆ ಹೋಗುತ್ತದೆ. ಅಲ್ಲಿ ರೂಟ್ ಅನ್ನುವ ಮೇಲ್‌ಬಾಕ್ಸ್ ಇರಲ್ಲ ಅಲ್ವಾ? ವಾಪಸ್. ವಾಪಸ್ ಬರುವ ಬೌನ್ಸ್ ಕೂಡ ರೂಟ್ ವಿಳಾಸಕ್ಕೇ ಹೋಗಬೇಕು, ಅದನ್ನೂ ಗೂಗಲ್ ತೆಗೆದುಕೊಳ್ಳುವುದಿಲ್ಲ. ಬೌನ್ಸಿಗೆ ಬೌನ್ಸ್ ಕಳಿಸುವಂತಿಲ್ಲ ಎಂಬುದು ಮೇಲ್ ಲೋಕದ ನಿಯಮ. ಹಾಗಾಗಿ ಅದು ಅಲ್ಲೇ ಮಾಯವಾಗುತ್ತದೆ. ಇಲ್ಲಿಯವರೆಗೆ ಲಾಗಿನ್ ಆದಾಗ ಕಾಣುತ್ತಿದ್ದ ಸುಳಿವೂ ಹೋಯಿತು.

ಆದ್ದರಿಂದ ಮೈಒರಿಜಿನ್‌ಗೆ ಸರ್ವರಿನ ಪೂರ್ತಿ ಹೆಸರು ಕೊಡಿ. ಈಟಿಸಿ ಫೋಲ್ಡರಿನ ಅಲಿಯಾಸಸ್ ಫೈಲಿನಲ್ಲಿ ರೂಟ್ ಎದುರು ನೀವು ನಿಜವಾಗಿ ಓದುವ ವಿಳಾಸ ಬರೆದು 'ನ್ಯೂಅಲಿಯಾಸಸ್' ಓಡಿಸಿ. ಅಲಿಯಾಸಸ್ ಫೈಲನ್ನು ಪೋಸ್ಟ್‌ಫಿಕ್ಸ್ ನೋಡುವುದು ಲೋಕಲ್ ಮೇಲಿಗೆ ಮಾತ್ರ, ಅದಕ್ಕೇ ಮೈಒರಿಜಿನ್ ಮೊದಲು ಸರಿಯಾಗಬೇಕು. ಕೊನೆಗೆ, ಆ ಸರ್ವರಿನ ಹೆಸರು ಡಿಎನ್‌ಎಸ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನ ಪ್ರಶ್ನೆಯ ಓದುಗರ ಪಾಡೇ ನಿಮ್ಮದೂ ಆಗುತ್ತದೆ.

ಪ್ರಶ್ನೆ: ಸರ್, 'ಸೆಂಡರ್ ಅಡ್ರೆಸ್ ರಿಜೆಕ್ಟೆಡ್: ಡೊಮೈನ್ ನಾಟ್ ಫೌಂಡ್' ಎಂದು ಬರುತ್ತಿದೆ. ಕ್ರಾನ್ ಕೆಲಸಗಳ ಪಟ್ಟಿ ಇರುವ ಕ್ರಾನ್‌ಟ್ಯಾಬ್‌ನಲ್ಲಿ ನಾನು ಹಾಕಿದ ವಿಳಾಸ ನೂರಕ್ಕೆ ನೂರು ಸರಿ ಇದೆ, ನಾಲ್ಕು ಸಲ ನೋಡಿದೆ.
— ತುಮಕೂರಿನ ಓದುಗರು

ಉತ್ತರ: ಅವರು ದೂರುತ್ತಿರುವುದು ತಲುಪಬೇಕಾದ ವಿಳಾಸವನ್ನಲ್ಲ, ಹೊರಟ ವಿಳಾಸವನ್ನು. ಸೆಂಡರ್ ಅಂತ ಇದೆ ನೋಡಿ. ಅಂಚೆ ಕವರಿನ ಹಿಂದೆ ಕಳಿಸಿದವರ ವಿಳಾಸ ಬರೆಯುತ್ತೇವಲ್ಲ, ಮೇಲಿಗೂ ಹಾಗೇ ಒಂದು ಹೊರ ವಿಳಾಸ ಇರುತ್ತದೆ. ಒಳಗಿನ ಕಾಗದದಲ್ಲಿ ಏನೇ ಬರೆದಿರಲಿ, ತಲುಪದಿದ್ದರೆ ವಾಪಸ್ ಬರುವುದು ಆ ಹೊರ ವಿಳಾಸಕ್ಕೆ. ನಿಮ್ಮ ಸರ್ವರಿಗೆ ಹೆಸರೇ ಇಟ್ಟಿಲ್ಲದಿದ್ದರೆ ಅಲ್ಲಿ ರೂಟ್, ಆಮೇಲೆ ಲೋಕಲ್‌ಹೋಸ್ಟ್ ಡಾಟ್ ಲೋಕಲ್‌ಡೊಮೈನ್ ಎಂದು ಹೋಗುತ್ತದೆ. ಅಮೆಜಾನ್ ಕ್ಲೌಡ್‌ನಲ್ಲಿದ್ದರೆ ಐಪಿ ನಂಬರಿನಿಂದ ಶುರುವಾಗಿ ಕಂಪ್ಯೂಟ್ ಡಾಟ್ ಇಂಟರ್ನಲ್ ಎಂದು ಮುಗಿಯುವ ಹೆಸರು. ಹೊರಗಿನ ಲೋಕಕ್ಕೆ ಇಂಥ ಡೊಮೈನ್ ಇಲ್ಲ. ಉತ್ತರ ಕಳಿಸಲು ಸಾಧ್ಯವೇ ಇಲ್ಲದ ವಿಳಾಸದಿಂದ ಬಂದದ್ದನ್ನು ಅವರು ಬೇಡ ಅನ್ನುವುದು ಸರಿಯೇ.

ಹೋಸ್ಟ್‌ನೇಮ್‌ಸಿಟಿಎಲ್ ಕಮಾಂಡಿನಿಂದ ಸರ್ವರಿಗೆ ನಿಮ್ಮ ಡೊಮೈನಿನ ಕೆಳಗಿನ ಒಂದು ಹೆಸರು ಕೊಡಿ, ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಸರ್ವರಿನ ಐಪಿ ತೋರಿಸುವ ಎ ರೆಕಾರ್ಡ್ ಹಾಕಿ, ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್ ಕೂಡ ಅದೇ ಇರಲಿ. ಹೆಸರು ಬದಲಾಯಿಸುವ ಹಾಗಿಲ್ಲದಿದ್ದರೆ ಪೋಸ್ಟ್‌ಫಿಕ್ಸ್‌ನ ಜೆನೆರಿಕ್ ಮ್ಯಾಪ್ ಬಳಸಿ. ಮೇಲ್ ಹೊರಡುವಾಗ ಒಳಗಿನ ವಿಳಾಸವನ್ನು ನಿಜವಾದ ವಿಳಾಸಕ್ಕೆ ಬದಲಾಯಿಸಿ ಕಳಿಸುವುದು ಅದರ ಕೆಲಸ. ಸರ್ವರಿನಲ್ಲಿ ಇರುವುದು ಕ್ರೋನಿ, ಅಂದರೆ ರೆಡ್‌ಹ್ಯಾಟ್ ಬಳಗದ ಕ್ರಾನ್ ಆದರೆ, ಕ್ರಾನ್‌ಟ್ಯಾಬ್‌ನಲ್ಲೇ 'ಮೇಲ್‌ಫ್ರಮ್' ಎಂದು ಬರೆದು ಕಳಿಸುವವರ ವಿಳಾಸ ಕೊಡಬಹುದು. ಎಲ್ಲ ಕ್ರಾನ್‌ಗಳೂ ಅದನ್ನು ಒಪ್ಪುವುದಿಲ್ಲ, ಮ್ಯಾನ್ ಪೇಜ್ ನೋಡಿಯೇ ಹಾಕಿ.

ಪ್ರಶ್ನೆ: ನಮ್ಮದು ವಿಚಿತ್ರ ಕೇಸು. ಸೋಮವಾರದ ಬ್ಯಾಕಪ್ ಮೇಲ್ ಶನಿವಾರ ಬೌನ್ಸ್ ಆಗಿ ಬರುತ್ತದೆ. ಮಂಗಳವಾರದ್ದು ಭಾನುವಾರ. 'ಕನೆಕ್ಷನ್ ಟೈಮ್ಡ್ ಔಟ್' ಎಂದಿದೆ. ಇಂಟರ್ನೆಟ್ ಸರಿಯಾಗೇ ಇದೆ, ವೆಬ್‌ಸೈಟ್ ಓಡುತ್ತಿದೆ. ಸರ್ವರ್ ಮುಂಬೈ ಕ್ಲೌಡ್‌ನಲ್ಲಿದೆ.
— ಮಂಗಳೂರಿನ ಓದುಗರು

ಉತ್ತರ: ವಿಚಿತ್ರ ಅಲ್ಲ, ಲೆಕ್ಕ ಸರಿಯಾಗಿದೆ. ಪೋಸ್ಟ್‌ಫಿಕ್ಸ್ ತಲುಪಿಸಲಾಗದ ಮೇಲನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಡೀಫಾಲ್ಟ್ ಗಡುವು 5 ದಿನ. ಅದು ಮುಗಿದ ಮೇಲೆ ಕೈಬಿಟ್ಟು ಬೌನ್ಸ್ ಮಾಡುತ್ತದೆ. ಅಷ್ಟರವರೆಗೆ ನಿಮಗೆ ಒಂದು ಮಾತೂ ಹೇಳುವುದಿಲ್ಲ. ಈಗಲೇ ಸರ್ವರಿನಲ್ಲಿ 'ಮೇಲ್‌ಕ್ಯೂ' ಅಂತ ಹೊಡೆಯಿರಿ, ಈ ವಾರದ ಮೇಲ್‌ಗಳೆಲ್ಲ ಸಾಲಾಗಿ ಕೂತಿರುತ್ತವೆ, ಪ್ರತಿಯೊಂದರ ಕೆಳಗೂ ಕಾರಣ ಇರುತ್ತದೆ. ಮೇನ್ ಡಾಟ್ ಸಿಎಫ್‌ನಲ್ಲಿ 'ಡಿಲೇ ವಾರ್ನಿಂಗ್ ಟೈಮ್' ಸೊನ್ನೆ ಇರುತ್ತದೆ. ಅದನ್ನು 4 ಗಂಟೆ ಮಾಡಿದರೆ ಮೇಲ್ ತಡವಾಗುತ್ತಿದೆ ಎಂಬ ಎಚ್ಚರಿಕೆ ಅದೇ ದಿನ ಬರುತ್ತದೆ. ಆದರೆ ಎಚ್ಚರಿಕೆಯೂ ಮೇಲ್ ಆಗಿಯೇ ಬರುವುದು, ಹಾಗಾಗಿ ಅದು ಸರ್ವರಿನ ಒಳಗೇ ಇರುವ ಮೇಲ್‌ಬಾಕ್ಸಿಗೆ ಬಿದ್ದರೆ ಮಾತ್ರ ಉಪಯೋಗ.

ಕಾರಣ ಹೆಚ್ಚುಕಮ್ಮಿ ಖಚಿತ: 25ನೇ ಪೋರ್ಟ್ ಬಂದ್ ಆಗಿದೆ. ಮೇಲ್ ಸರ್ವರ್‌ಗಳು ಪರಸ್ಪರ ಮಾತಾಡುವುದು ಈ ಪೋರ್ಟಿನಲ್ಲಿ. ಸ್ಪ್ಯಾಮ್ ಕಳಿಸುವವರು ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿದು ದುರ್ಬಳಕೆ ಮಾಡುವುದರಿಂದ ಅಮೆಜಾನ್ ಮತ್ತು ಗೂಗಲ್ ಕ್ಲೌಡ್ ಎರಡೂ ಹೊರಕ್ಕೆ ಹೋಗುವ 25ನ್ನು ಡೀಫಾಲ್ಟ್ ಆಗಿ ತಡೆಯುತ್ತವೆ. ಅಮೆಜಾನ್‌ಗೆ ಅರ್ಜಿ ಹಾಕಿ ತೆಗೆಸಬಹುದು. ನನ್ನನ್ನು ಕೇಳಿದರೆ ಬೇಡ. ದಿನಕ್ಕೆ ನಾಲ್ಕು ಮೇಲ್ ಕಳಿಸುವ ಸರ್ವರ್ ತಾನೇ ನೇರವಾಗಿ ಲೋಕಕ್ಕೆಲ್ಲ ಮೇಲ್ ಹಂಚುವ ಅಗತ್ಯ ಇಲ್ಲ. ನಿಮ್ಮ ಕಂಪನಿಯ ಮೇಲ್ ಸೇವೆಗೇ 587ನೇ ಪೋರ್ಟಿನಲ್ಲಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು, ಒಪ್ಪಿಸಿಬಿಡಿ. ಮುಂದಿನದ್ದು ಅವರ ಜವಾಬ್ದಾರಿ.

ಮಾಡುವ ಬಗೆ: 'ರಿಲೇಹೋಸ್ಟ್' ಸಾಲಿನಲ್ಲಿ ಆ ಸೇವೆಯ ಹೆಸರನ್ನು ಚೌಕ ಆವರಣದೊಳಗೆ ಬರೆದು ಕೋಲನ್ ಹಾಕಿ 587. ಲಾಗಿನ್‌ಗೆ ಬೇಕಾದ ಎಸ್‌ಎಎಸ್‌ಎಲ್ ಆನ್ ಮಾಡಿ, ಪಾಸ್‌ವರ್ಡ್ ಬೇರೆ ಫೈಲಿನಲ್ಲಿಟ್ಟು ಪೋಸ್ಟ್‌ಮ್ಯಾಪ್ ಓಡಿಸಿ, ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್ ಕಡ್ಡಾಯ ಮಾಡಿ. ಪಾಸ್‌ವರ್ಡ್ ಫೈಲನ್ನು ರೂಟ್ ಬಿಟ್ಟು ಬೇರೆ ಯಾರೂ ಓದದ ಹಾಗೆ 600 ಪರ್ಮಿಷನ್ ಕೊಡಿ. ಇಷ್ಟಾದರೂ 'ನೋ ವರ್ದಿ ಮೆಕ್ಸ್ ಫೌಂಡ್' ಎಂದು ಲಾಗ್‌ನಲ್ಲಿ ಬಂದರೆ ಹೆದರಬೇಡಿ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಲಿಬ್‌ಎಸ್‌ಎಎಸ್‌ಎಲ್2 ಮಾಡ್ಯೂಲ್ಸ್ ಪ್ಯಾಕೇಜ್ ಇಲ್ಲದಿದ್ದರೆ ಈ ದೋಷ ಬರುತ್ತದೆ. ಅದು ಇದ್ದೂ ಬಂದರೆ, ಎಸ್‌ಎಎಸ್‌ಎಲ್ ಸೆಕ್ಯುರಿಟಿ ಆಪ್ಷನ್ಸ್ ಸಾಲಿನಲ್ಲಿ 'ನೋಪ್ಲೇನ್‌ಟೆಕ್ಸ್ಟ್' ಉಳಿದುಕೊಂಡಿದೆ, 'ನೋಅನಾನಿಮಸ್' ಮಾತ್ರ ಇರಲಿ. ಸೇವೆ ಜಿಮೇಲ್ ಆಗಿದ್ದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, 535 ಕೋಡ್ ಬರುತ್ತದೆ. 2022ರಲ್ಲೇ ಅವರು ಬರೀ ಪಾಸ್‌ವರ್ಡಿನ ಲಾಗಿನ್ ನಿಲ್ಲಿಸಿದ್ದಾರೆ. ಟೂ ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ.

ಇಷ್ಟು ಸಣ್ಣ ಕೆಲಸಕ್ಕೆ ಪೋಸ್ಟ್‌ಫಿಕ್ಸ್ ಯಾಕೆ, ಎಂಎಸ್‌ಎಂಟಿಪಿ ಸಾಕು ಅನ್ನುವವರಿದ್ದಾರೆ. ಅದು ಹಗುರ, ಸೆಟ್ಟಿಂಗ್ ಕಮ್ಮಿ, ನಿಜ. ಆದರೆ ಅದಕ್ಕೆ ತನ್ನದೇ ಕ್ಯೂ ಇಲ್ಲ. ರಾತ್ರಿ ಎರಡು ಗಂಟೆಗೆ ಎರಡು ನಿಮಿಷ ನೆಟ್‌ವರ್ಕ್ ಹೋದರೆ ಆ ಮೇಲ್ ಅಲ್ಲೇ ಕಳೆದುಹೋಗುತ್ತದೆ. ಬ್ಯಾಕಪ್ ಕೆಟ್ಟಿರುವುದೂ ಅದೇ ನೆಟ್‌ವರ್ಕ್ ತೊಂದರೆಯಿಂದಲೇ ಆಗಿರಬಹುದು. ನನ್ನ ಆಯ್ಕೆ ಪೋಸ್ಟ್‌ಫಿಕ್ಸೇ.

ಪ್ರಶ್ನೆ: ಜಿಮೇಲ್‌ನಿಂದ 550 5.7.26 ಬರುತ್ತಿದೆ. ಕಳಿಸಿದವರು ಯಾರೆಂದು ದೃಢಪಟ್ಟಿಲ್ಲ ಅನ್ನುವ ಅರ್ಥದ ಒಂದು ಪ್ಯಾರಾ ಇದೆ. ಆದರೆ ನಮ್ಮ ಡೊಮೈನ್‌ಗೆ, ಯಾವ ಐಪಿಗಳಿಂದ ಮೇಲ್ ಬರಬಹುದು ಎಂದು ಹೇಳುವ ಎಸ್‌ಪಿಎಫ್ ಇದೆ, ಸರ್ವರಿನ ಐಪಿ ಕೂಡ ಅದರಲ್ಲಿದೆ. ಪರೀಕ್ಷೆ ಪಾಸಾಗದ ಮೇಲನ್ನು ಏನು ಮಾಡಬೇಕು ಎಂದು ಹೇಳುವ ಡಿಮಾರ್ಕ್ ಕೂಡ ರಿಜೆಕ್ಟ್ ಎಂದು ಹಾಕಿದ್ದೇವೆ. ವೆಬ್‌ಸೈಟಿನಿಂದ ಹೋಗುವ ಆರ್ಡರ್ ಮೇಲ್‌ಗಳು ಚೆನ್ನಾಗೇ ಹೋಗುತ್ತವೆ. ಕ್ರಾನ್ ಮೇಲ್ ಮಾತ್ರ ಹೀಗೆ. ಬ್ಯಾಕಪ್ ನಡೆಯುತ್ತಿದ್ದರೆ ಸಾಕು, ಮೇಲ್ ಬರದಿದ್ದರೆ ಏನು ಮಹಾ ಎಂದು ಬಾಸ್ ಹೇಳುತ್ತಾರೆ.
— ಬೆಂಗಳೂರಿನ ಓದುಗರು

ಉತ್ತರ: ಮೊದಲು ನಿಮ್ಮ ಬಾಸ್‌ಗೆ ಈ ಒಂದು ಘಟನೆ ಓದಿ ಹೇಳಿ. ನಡೆದದ್ದು 2017ರ ಜನವರಿ 31ರಂದು, ಗಿಟ್‌ಲ್ಯಾಬ್‌ನಲ್ಲಿ. ಲಕ್ಷಾಂತರ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಜಾಗ ಅದು. ತುರ್ತು ಕೆಲಸದ ಗಡಿಬಿಡಿಯಲ್ಲಿ ಒಬ್ಬ ಎಂಜಿನಿಯರ್ ಖಾಲಿ ಮಾಡಬೇಕಾದ ಸರ್ವರ್ ಬದಲು ಮುಖ್ಯ ಡೇಟಾಬೇಸ್ ಸರ್ವರಿನ ಫೋಲ್ಡರ್ ಅಳಿಸಿಬಿಟ್ಟರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಸರಿ, ಬ್ಯಾಕಪ್ ಇದೆಯಲ್ಲ ಎಂದು ನೋಡಲು ಹೋದರೆ ಬ್ಯಾಕಪ್ ಇಡುವ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2, ಎರಡಕ್ಕೂ ಹೊಂದದೆ ಬ್ಯಾಕಪ್ ದಿನವೂ ಫೇಲ್ ಆಗುತ್ತಿತ್ತು. ಕ್ರಾನ್ ಅದನ್ನು ಮೇಲ್ ಮಾಡಿ ಹೇಳುತ್ತಲೂ ಇತ್ತು. ಆ ಮೇಲ್‌ಗಳಿಗೆ ಡಿಮಾರ್ಕ್ ಪಾಸಾಗುವ ಸಹಿ ಇರಲಿಲ್ಲ, ಹಾಗಾಗಿ ತಲುಪಬೇಕಾದ ಕಡೆ ತಿರಸ್ಕೃತವಾಗುತ್ತಿದ್ದವು. ಯಾರಿಗೂ ಗೊತ್ತೇ ಆಗಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿತು, ಅದರಿಂದ ಜೀವ ಉಳಿಯಿತು. ಆ ಆರು ಗಂಟೆಯಲ್ಲಿ ಜನ ಸೇರಿಸಿದ ಪ್ರಾಜೆಕ್ಟ್, ಕಾಮೆಂಟ್, ಹೊಸ ಖಾತೆಗಳು ಹೋದವು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ತಾನೇ ಬರೆದು ಪ್ರಕಟಿಸಿತು, ಅದಕ್ಕೇ ನಮಗೆಲ್ಲ ಗೊತ್ತು. ನಿಮ್ಮ 5.7.26 ಮತ್ತು ಅವರ ತಿರಸ್ಕೃತ ಮೇಲ್ ಒಂದೇ ಜಾತಿಯ ಸಮಸ್ಯೆ.

ಈಗ ನಿಮ್ಮ ಕೇಸಿಗೆ ಬರೋಣ. ಆರ್ಡರ್ ಮೇಲ್ ಹೋಗುವುದು ನಿಮ್ಮ ಡೊಮೈನಿನ ವಿಳಾಸದಿಂದ. ಕ್ರಾನ್ ಮೇಲ್ ಹೋಗುವುದು ರೂಟ್ ಹೆಸರಲ್ಲಿ, ಸರ್ವರಿನ ಪೂರ್ತಿ ಹೆಸರಿನಿಂದ, ಅಂದರೆ ಡೊಮೈನಿನ ಕೆಳಗಿನ ಸಬ್‌ಡೊಮೈನ್‌ನಿಂದ. ಎಡವಟ್ಟು ಆಗುವುದು ಇಲ್ಲೇ. ಡಿಮಾರ್ಕ್ ನಿಯಮ ಸಬ್‌ಡೊಮೈನ್‌ಗಳಿಗೂ ತಾನಾಗಿ ಅನ್ವಯಿಸುತ್ತದೆ. ಎಸ್‌ಪಿಎಫ್ ಅನ್ವಯಿಸುವುದಿಲ್ಲ. ಮುಖ್ಯ ಡೊಮೈನಿನ ಎಸ್‌ಪಿಎಫ್ ರೆಕಾರ್ಡ್ ಎಷ್ಟೇ ಚೆನ್ನಾಗಿದ್ದರೂ ಸಬ್‌ಡೊಮೈನ್‌ಗೆ ಬೇರೆಯೇ ರೆಕಾರ್ಡ್ ಬೇಕು. ನಿಮ್ಮ ಕ್ರಾನ್ ಮೇಲಿಗೆ 'ಪರೀಕ್ಷೆ ಪಾಸಾಗದಿದ್ದರೆ ತಿರಸ್ಕರಿಸಿ' ಎಂಬ ಕಟ್ಟುನಿಟ್ಟು ಬಂತು, ಪಾಸಾಗುವ ದಾರಿ ಬರಲಿಲ್ಲ.

ಆದ್ದರಿಂದ ಸರ್ವರಿನ ಹೆಸರಿಗೇ ಒಂದು ಎಸ್‌ಪಿಎಫ್ ರೆಕಾರ್ಡ್ ಹಾಕಿ. ಇಲ್ಲವೇ ಜೆನೆರಿಕ್ ಮ್ಯಾಪಿನಿಂದ ವಿಳಾಸವನ್ನು ಮುಖ್ಯ ಡೊಮೈನಿನದಾಗಿ ಬದಲಾಯಿಸಿ. ಎರಡನೆಯದು ನನಗೆ ಜಾಸ್ತಿ ಇಷ್ಟ, ಬೌನ್ಸ್ ಬಂದರೂ ನಿಜವಾದ ಮೇಲ್‌ಬಾಕ್ಸಿಗೆ ಬರುತ್ತದೆ. ಅದಕ್ಕೆ ಆ ವಿಳಾಸ ನಿಜವಾಗಿ ಇರಬೇಕು, ಮರೆಯಬೇಡಿ. ಮೇಲ್ ನಿಮ್ಮದೇ ಎಂದು ತೋರಿಸುವ ಡಿಕಿಮ್ ಎಂಬ ಡಿಜಿಟಲ್ ಸಹಿಯನ್ನೂ ಸೇರಿಸಿದರೆ ಇನ್ನೂ ಭದ್ರ. ಮೇಲ್ ಯಾರಾದರೂ ಫಾರ್ವರ್ಡ್ ಮಾಡಿದರೆ ಎಸ್‌ಪಿಎಫ್ ಮುರಿಯುತ್ತದೆ, ಡಿಕಿಮ್ ಬಹುತೇಕ ಉಳಿಯುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಯಾರೇ ಕಳಿಸಲಿ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕು, ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎರಡೂ ಬೇಕು, ಡಿಮಾರ್ಕ್ ಕೂಡ ಬೇಕು. ನಮ್ಮದು ಚಿಕ್ಕ ಸರ್ವರ್ ಅನ್ನುವ ವಿನಾಯಿತಿ ಇಲ್ಲ.

ಇನ್ನೊಂದು ಕಡೆಯೂ ನೋಡಿ. ಸರ್ವರಿಗೆ ಐಪಿವಿ6 ವಿಳಾಸ ಇದ್ದರೆ ಪೋಸ್ಟ್‌ಫಿಕ್ಸ್ ಅದರಿಂದಲೂ ಜಿಮೇಲ್ ಜೊತೆ ಮಾತಾಡಬಹುದು. ಎಸ್‌ಪಿಎಫ್‌ನಲ್ಲಿ ನೀವು ಬರೆದದ್ದು ಐಪಿವಿ4 ಮಾತ್ರ ಆಗಿದ್ದರೆ ಕೆಲವು ಮೇಲ್ ಹೋಗುತ್ತವೆ, ಕೆಲವು ಹೋಗುವುದಿಲ್ಲ, ತಲೆ ಕೆಡುತ್ತದೆ. ಬೌನ್ಸ್ ಮೇಲಿನಲ್ಲೇ ಅವರು ಯಾವ ಐಪಿ ನೋಡಿದರು ಎಂದು ಬರೆದಿರುತ್ತದೆ. ಕೋಲನ್‌ಗಳಿರುವ ಉದ್ದನೆಯ ನಂಬರ್ ಕಂಡರೆ ಅದೇ. ಅದನ್ನು ಎಸ್‌ಪಿಎಫ್‌ಗೆ ಸೇರಿಸಿ ಐಪಿಯಿಂದ ಹೆಸರು ಹೇಳುವ ರಿವರ್ಸ್ ಡಿಎನ್‌ಎಸ್ ಮಾಡಿಸಿ, ಅಥವಾ 'ಐನೆಟ್ ಪ್ರೋಟೋಕಾಲ್ಸ್' ಸಾಲನ್ನು ಐಪಿವಿ4ಗೆ ಸೀಮಿತ ಮಾಡಿ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ ಸರ್? ಕ್ರಾನ್ ಸಾಲಿನ ಕೊನೆಗೆ, ಔಟ್‌ಪುಟ್ ಎಲ್ಲ ನುಂಗಿಬಿಡುವ ಡೆವ್‌ನಲ್ ಹಾಕಿದರೆ ಮೇಲೇ ಹುಟ್ಟುವುದಿಲ್ಲ, ಬೌನ್ಸೂ ಇಲ್ಲ. ನಮ್ಮ ಹಿಂದಿನ ಅಡ್ಮಿನ್ ಎಲ್ಲ ಸಾಲಿಗೂ ಅದನ್ನೇ ಹಾಕಿ ಹೋಗಿದ್ದಾರೆ.
— ದಾವಣಗೆರೆಯ ಓದುಗರು

ಉತ್ತರ: ದಯವಿಟ್ಟು ಬೇಡ. ಅದರಿಂದ ಬೌನ್ಸ್ ನಿಲ್ಲುತ್ತದೆ, ಜೊತೆಗೆ ದೋಷದ ಸುದ್ದಿಯೂ ನಿಲ್ಲುತ್ತದೆ. ಆ ಅಡ್ಮಿನ್ ಕಷ್ಟ ನನಗೆ ಅರ್ಥವಾಗುತ್ತದೆ. ಐದು ನಿಮಿಷಕ್ಕೊಮ್ಮೆ ಓಡುವ ಕೆಲಸ ಒಂದು ಸಾಲು ಪ್ರಿಂಟ್ ಮಾಡಿದರೂ ದಿನಕ್ಕೆ 288 ಮೇಲ್. ಅಷ್ಟನ್ನು ಯಾರೂ ಓದುವುದಿಲ್ಲ, ನಿಜವಾದ ದೋಷ ಬಂದ ದಿನ ಅದೂ ಆ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಗೆದ್ದಾಗ ಸುಮ್ಮನಿದ್ದು ಸೋತಾಗ ಮಾತ್ರ ಮೇಲ್ ಬರುವ ಹಾಗೆ ಮಾಡಬೇಕು.

ಮಾಮೂಲಿ ಔಟ್‌ಪುಟ್ ಒಂದು ಲಾಗ್ ಫೈಲಿಗೆ ಹೋಗಲಿ, ದೋಷದ ಔಟ್‌ಪುಟ್ ಹಾಗೇ ಬಿಡಿ. ಏನೂ ಪ್ರಿಂಟ್ ಆಗದಿದ್ದರೆ ಕ್ರಾನ್ ಮೇಲ್ ಕಳಿಸುವುದಿಲ್ಲ, ದೋಷ ಬಂದರೆ ಕಳಿಸುತ್ತದೆ. ಅಂದರೆ, ದೋಷದ ಔಟ್‌ಪುಟ್ಟನ್ನೂ ಮಾಮೂಲಿ ಔಟ್‌ಪುಟ್ ಹೋಗುವ ಕಡೆಗೇ ಕಳಿಸುವ, ಸಾಲಿನ ಕೊನೆಯ 2>&1 ತೆಗೆಯುವುದೇ ಅರ್ಧ ಪರಿಹಾರ. ಮೋರ್‌ಯುಟಿಲ್ಸ್ ಪ್ಯಾಕೇಜಿನಲ್ಲಿ 'ಕ್ರಾನಿಕ್' ಅನ್ನುವ ಪುಟ್ಟ ಕಮಾಂಡ್ ಇದೆ, ನಿಮ್ಮ ಕೆಲಸದ ಕಮಾಂಡಿಗಿಂತ ಮೊದಲು ಅದನ್ನು ಬರೆದರೆ ಕೆಲಸ ಫೇಲ್ ಆದಾಗ ಮಾತ್ರ ಪೂರ್ತಿ ಔಟ್‌ಪುಟ್ ಬಿಡುತ್ತದೆ. ಚೆನ್ನಾಗಿದೆ, ಬಳಸಿ. ಒಂದು ಎಚ್ಚರ ಮಾತ್ರ ಬೇಕು. ಡೇಟಾಬೇಸ್ ಡಂಪನ್ನು ಪೈಪ್ ಮಾಡಿ ಜಿಜಿಪ್‌ಗೆ ಕೊಟ್ಟಿದ್ದರೆ, ಡಂಪ್ ಮಧ್ಯದಲ್ಲೇ ಸತ್ತರೂ ಜಿಜಿಪ್ ತನ್ನ ಕೆಲಸ ಸರಿಯಾಗಿ ಮುಗಿಸಿ 'ಗೆದ್ದೆ' ಎಂದು ಹೇಳುತ್ತದೆ, ಶೆಲ್ ಅದನ್ನೇ ನಂಬುತ್ತದೆ. ಆದ್ದರಿಂದ ಬ್ಯಾಷ್ ಸ್ಕ್ರಿಪ್ಟ್ ಬರೆದು ಮೊದಲಲ್ಲೇ, ಪೈಪಿನ ಯಾವ ಕೆಲಸ ಸೋತರೂ ಸೋಲು ಎಂದೇ ಹೇಳುವ ಪೈಪ್‌ಫೇಲ್ ಆನ್ ಮಾಡಿ.

ಡೆವ್‌ನಲ್ ತೆಗೆದ ಮೊದಲ ರಾತ್ರಿ ಬಹಳ ಮೇಲ್ ಬರುತ್ತದೆ. ಒಂದೊಂದಾಗಿ ಓದಿ. ಉದಾಹರಣೆಗೆ, ಕ್ರಾನ್‌ಟ್ಯಾಬ್‌ನಲ್ಲಿ ಶೇಕಡಾ ಚಿಹ್ನೆಗೆ ಹೊಸ ಸಾಲು ಎಂಬ ಅರ್ಥ ಇದೆ. ಫೈಲಿನ ಹೆಸರಿಗೆ ತಾರೀಕು ಸೇರಿಸಲು ಅದನ್ನು ಬಳಸಿ, ಅದಕ್ಕಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕದೆ ಬಿಟ್ಟ ಬ್ಯಾಕಪ್ ಸಾಲು ಕೈಯಿಂದ ಓಡಿಸಿದರೆ ಸರಿಯಾಗೇ ಓಡುತ್ತದೆ, ಕ್ರಾನ್‌ನಲ್ಲಿ ಒಂದು ದಿನವೂ ಓಡಿರುವುದಿಲ್ಲ.

ಪ್ರಶ್ನೆ: ನಮಗೆ ಬೌನ್ಸೂ ಇಲ್ಲ, ಮೇಲೂ ಇಲ್ಲ. ಮೇಲ್‌ಕ್ಯೂ ಅಂತ ಹೊಡೆದರೆ ಕಮಾಂಡೇ ಇಲ್ಲ ಅನ್ನುತ್ತದೆ.
— ಕಲಬುರಗಿಯ ಓದುಗರು

ಉತ್ತರ: ಮೇಲ್ ಕಳಿಸುವ ಪ್ರೋಗ್ರಾಮೇ ಹಾಕಿಲ್ಲ. ಸಿಸ್‌ಲಾಗ್‌ನಲ್ಲಿ 'ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್' ಎಂದು ಕ್ರಾನ್ ಬರೆದಿರುತ್ತದೆ, ನೋಡಿ. ಪೋಸ್ಟ್‌ಫಿಕ್ಸ್ ಹಾಕಿ ಮಂಗಳೂರಿನವರಿಗೆ ಹೇಳಿದ ಹಾಗೆ ರಿಲೇ ಮಾಡಿ.

ಪ್ರಶ್ನೆ: ನಮ್ಮದು ಸ್ವಂತ ಸರ್ವರ್ ಅಲ್ಲ, ಸಿಪ್ಯಾನಲ್ ಇರುವ ಶೇರ್ಡ್ ಹೋಸ್ಟಿಂಗ್. ಶಾಲೆಯ ವೆಬ್‌ಸೈಟ್. ಕ್ರಾನ್ ಜಾಬ್ಸ್ ಪುಟದಲ್ಲಿ ನಮ್ಮ ಶಾಲೆಯ ಮೇಲ್ ವಿಳಾಸ ಕೊಟ್ಟಿದ್ದೇನೆ. '550 ನೋ ಸಚ್ ಯೂಸರ್ ಹಿಯರ್' ಬರುತ್ತದೆ. ಶಾಲೆಯ ಮೇಲ್ ಗೂಗಲ್‌ನಲ್ಲಿದೆ.
— ಶಿರಸಿಯ ಶಿಕ್ಷಕಿ

ಉತ್ತರ: ಮೇಡಂ, ಹುಬ್ಬಳ್ಳಿಯವರ ಕಾಯಿಲೆಯೇ ಇದು. ಸಿಪ್ಯಾನಲ್‌ನಲ್ಲಿ ಮೇಲ್ ಕಳಿಸುವುದು ಎಕ್ಸಿಮ್ ಅನ್ನುವ ಪ್ರೋಗ್ರಾಂ, ಅದೂ ನಿಮ್ಮ ಡೊಮೈನ್ ತನ್ನದೇ ಅಂದುಕೊಂಡಿದೆ. ನೀವು ಯಾವ ಫೈಲನ್ನೂ ಮುಟ್ಟಬೇಕಾಗಿಲ್ಲ. ಸಿಪ್ಯಾನಲ್‌ನ ಇಮೇಲ್ ವಿಭಾಗದಲ್ಲಿ 'ಇಮೇಲ್ ರೂಟಿಂಗ್' ತೆರೆಯಿರಿ, ನಿಮ್ಮ ಡೊಮೈನ್ ಆರಿಸಿ, 'ಲೋಕಲ್' ಬದಲು 'ರಿಮೋಟ್ ಮೇಲ್ ಎಕ್ಸ್‌ಚೇಂಜರ್' ಗುರುತು ಮಾಡಿ ಉಳಿಸಿ. ವೆಬ್‌ಸೈಟಿನ ಸಂಪರ್ಕ ಫಾರಂನಿಂದ ಪೋಷಕರು ಬರೆಯುವ ಸಂದೇಶಗಳೂ ಇದೇ ಕಾರಣಕ್ಕೆ ಇಷ್ಟು ದಿನ ನಿಮಗೆ ತಲುಪದೆ ಇರುವ ಸಾಧ್ಯತೆ ಇದೆ. ಒಂದು ಪರೀಕ್ಷಾ ಸಂದೇಶ ಕಳಿಸಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ತೊಂದರೆ ಏನೆಂದು ಗೊತ್ತಾಗಿ ಸರಿಪಡಿಸಿದೆ. ಆದರೆ ಕ್ಯೂನಲ್ಲಿ ಸಾವಿರಾರು ಹಳೇ ಮೇಲ್ ಕೂತಿವೆ. ಫ್ಲಶ್ ಮಾಡಿದರೆ ಎಲ್ಲ ಹೋಗುತ್ತವಾ? ಇನ್ನೊಂದು ಸಂದೇಹ: ರಾತ್ರಿ ಎರಡಕ್ಕೆ ಓಡಬೇಕಾದ ಕೆಲಸದ ಮೇಲ್ ಈಗ ಬೆಳಿಗ್ಗೆ ಏಳೂವರೆಗೆ ಬರುತ್ತಿದೆ. ಇನ್ನೂ ಎಲ್ಲಾದರೂ ತಡವಾಗುತ್ತಿದೆಯಾ?
— ಮೈಸೂರಿನ ಓದುಗರು

ಉತ್ತರ: ಫ್ಲಶ್ ಮಾಡಬೇಡಿ. ಸಾವಿರಾರು ಮೇಲ್ ಒಂದೇ ಸಲ ಒಂದೇ ವಿಳಾಸಕ್ಕೆ ನುಗ್ಗಿದರೆ ಆ ಕಡೆಯವರು ನಿಮ್ಮನ್ನು ಸ್ಪ್ಯಾಮ್ ಕಳಿಸುವವರು ಅಂದುಕೊಂಡು 421 ಕೊಟ್ಟು ತಡೆಯಬಹುದು, ಆಗ ಇವತ್ತಿನ ಮೇಲೂ ನಿಂತಿತು. ಮೇಲ್‌ಕ್ಯೂ ಪಟ್ಟಿ ಒಂದು ಫೈಲಿಗೆ ಉಳಿಸಿಕೊಳ್ಳಿ. 'ಪೋಸ್ಟ್‌ಕ್ಯಾಟ್' ಕಮಾಂಡಿಗೆ ಕ್ಯೂ ನಂಬರ್ ಕೊಟ್ಟರೆ ಆ ಮೇಲಿನ ಒಳಗಿರುವುದು ಕಾಣುತ್ತದೆ, ಬೇರೆ ಬೇರೆ ಕೆಲಸಗಳದ್ದು ಒಂದೊಂದು ತೆರೆದು ಓದಿ, ನಿಮಗೆ ಗೊತ್ತಿಲ್ಲದ ದೋಷ ಇದ್ದರೆ ಅಲ್ಲೇ ಸಿಗುತ್ತದೆ. ಗ್ರಾಹಕರಿಗೆ ಹೋಗಬೇಕಾದ ಮೇಲ್ ಅದರಲ್ಲಿ ಸೇರಿಲ್ಲ ಎಂದು ಖಚಿತವಾದ ಮೇಲೆ 'ಪೋಸ್ಟ್‌ಸೂಪರ್' ಕಮಾಂಡಿನಿಂದ ಡೆಫರ್ಡ್ ಕ್ಯೂ, ಅಂದರೆ ಹೋಗದೆ ಕಾದು ಕೂತ ಮೇಲ್‌ಗಳ ಸಾಲು, ಪೂರ್ತಿ ಅಳಿಸಿ. ಸೇರಿದ್ದರೆ ಅವನ್ನು ಮಾತ್ರ ನಂಬರ್ ಹಿಡಿದು ಒಂದೊಂದಾಗಿ ಕಳಿಸಿ.

ಏಳೂವರೆ ತಡ ಅಲ್ಲ. ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಲ್ಲಿನ ರಾತ್ರಿ 2 ನಮ್ಮ ಬೆಳಿಗ್ಗೆ 7.30. ನಮ್ಮ ರಾತ್ರಿ 2ಕ್ಕೇ ಓಡಬೇಕಾದರೆ ಕ್ರಾನ್‌ಟ್ಯಾಬ್‌ನಲ್ಲಿ ಹಿಂದಿನ ದಿನದ 20.30 ಎಂದು ಬರೆಯಿರಿ. ವಾರದ ದಿನ ನಮೂದಿಸಿದ್ದರೆ ಅದನ್ನೂ ಒಂದು ದಿನ ಹಿಂದಕ್ಕೆ ಹಾಕಿ, ಇಲ್ಲದಿದ್ದರೆ ಸೋಮವಾರದ ಕೆಲಸ ಮಂಗಳವಾರ ಓಡುತ್ತದೆ.